ಊರು ಬಿಟ್ಟ ಮಗ, ಕನ್ನಡದಲ್ಲಿ ಬರೆದ ತಾಯಿ

ಕಲಾವಿದನೊಬ್ಬ ಯಾವ ನಾಡಿಗೆ ಸೇರಿದವನು? ಹುಟ್ಟಿದ ಊರಿಗೋ, ಮನೆಮಾತಿಗೋ, ಅನ್ನ ಕೊಟ್ಟ ಪಟ್ಟಣಕ್ಕೋ? ಗಡಿಭಾಗದವರಿಗೆ ಈ ಪ್ರಶ್ನೆ ಹೊಸದಲ್ಲ. ಮಂಗಸೂಳಿಯ ಖಂಡೋಬನಿಗೆ ಕನ್ನಡಿಗರೂ ನಡೆದುಕೊಳ್ಳುತ್ತಾರೆ, ಮರಾಠಿಗರೂ ನಡೆದುಕೊಳ್ಳುತ್ತಾರೆ; ಒಬ್ಬರ ಭಕ್ತಿಯಿಂದ ಇನ್ನೊಬ್ಬರ ಪಾಲು ಕಡಿಮೆಯಾಗುವುದಿಲ್ಲ. ಹಿಂದಿ ಚಿತ್ರರಂಗದ ಮೇರು ನಿರ್ದೇಶಕ ಗುರುದತ್ತರ ಬಾಳನ್ನೂ ಇದೇ ಕಣ್ಣಿನಿಂದ ನೋಡಬೇಕು.

ಗುರುದತ್ತ ಶಿವಶಂಕರ ಪಡುಕೋಣೆ ಹುಟ್ಟಿದ್ದು 1925ರ ಜುಲೈ 9ರಂದು, ಬೆಂಗಳೂರಿನಲ್ಲಿ. ಮನೆತನದ ಹೆಸರು ಕುಂದಾಪುರ ಸೀಮೆಯ ಪಡುಕೋಣೆಯದು, ಮನೆಮಾತು ಕೊಂಕಣಿ. ಬೆಳೆದದ್ದು ಕಲಕತ್ತೆಯಲ್ಲಿ. 1942ರಲ್ಲಿ ಅಲ್ಮೋರಾದ ಉದಯಶಂಕರರ ಕಲಾಕೇಂದ್ರ ಸೇರಿ ನೃತ್ಯ ಕಲಿತರು. ಕಲಕತ್ತೆಯಲ್ಲಿ ಕೆಲಕಾಲ ಟೆಲಿಫೋನ್ ಆಪರೇಟರ್ ಕೆಲಸವನ್ನೂ ಮಾಡಿದ್ದರು. 1944ರಲ್ಲಿ ಪುಣೆಯ ಪ್ರಭಾತ್ ಕಂಪನಿಗೆ ಬಂದರು. ನಮ್ಮ ನೆರೆಯ ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿ, 1933ರಲ್ಲಿ ಪುಣೆಗೆ ಹೋದ ಕಂಪನಿಯಿದು. ದೇವ್ ಆನಂದರ ಸ್ನೇಹವಾದದ್ದು ಅಲ್ಲಿಯೇ. ಆ ಸ್ನೇಹದ ಫಲವಾಗಿ 1951ರಲ್ಲಿ ‘ಬಾಜಿ’ ನಿರ್ದೇಶಿಸುವ ಅವಕಾಶ ದೊರೆಯಿತು.

‘ಬಾಜಿ’ಯ ಸೆಟ್ಟಿನಲ್ಲಿ ಸಹಾಯಕ ಛಾಯಾಗ್ರಾಹಕರಾಗಿದ್ದವರು ಮೈಸೂರಿನ ವಿ.ಕೆ. ಮೂರ್ತಿ. ಅವರ ಕೈಚಳಕ ಕಂಡ ಗುರುದತ್ತರು ಮುಂದಿನ ಚಿತ್ರ ‘ಜಾಲ್’ (1952)ಗೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ‘ಪ್ಯಾಸಾ’ (1957)ದಲ್ಲಿ ಲೋಕ ತಿರಸ್ಕರಿಸಿದ ಕವಿಯ ಕಥೆ. ಸತ್ತನೆಂದು ನಂಬಿದ ಮೇಲೆಯೇ ಆ ಲೋಕ ಅವನಿಗೆ ಹಾರ ಹಾಕುತ್ತದೆ. ‘ಕಾಗಜ್ ಕೇ ಫೂಲ್’ (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಕತ್ತಲ ಸ್ಟುಡಿಯೋದೊಳಗೆ ಓರೆಯಾಗಿ ಇಳಿಯುವ ಆ ಪ್ರಸಿದ್ಧ ಬೆಳಕಿನ ಕೋಲನ್ನು ಮೂರ್ತಿಯವರು ಕನ್ನಡಿಗಳಿಂದ ಸೂರ್ಯನ ಬೆಳಕನ್ನೇ ಒಳಗೆ ತಿರುಗಿಸಿ ಮೂಡಿಸಿದ್ದರು.

ಚಿತ್ರ ಸೋತಿತು. ಆಮೇಲೆ ಗುರುದತ್ತರು ಯಾವ ಚಿತ್ರಕ್ಕೂ ನಿರ್ದೇಶಕರೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಅವರ ಹೆಸರಿನಲ್ಲಿ ನಿಂತದ್ದು ಎಂಟೇ ಚಿತ್ರಗಳು. 1964ರ ಅಕ್ಟೋಬರ್ 10ರಂದು ಮುಂಬಯಿಯಲ್ಲಿ ತೀರಿಕೊಂಡಾಗ ವಯಸ್ಸು 39. ಸೋತ ಚಿತ್ರವನ್ನು ಜಗತ್ತು ಮೆಚ್ಚಿದ್ದು ಅವರು ಹೋದ ಮೇಲೆ. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು; ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರು.

ಎಂಟರಲ್ಲಿ ಒಂದೂ ಕನ್ನಡದ್ದಲ್ಲ. ಹಾಗಾದರೆ ಕನ್ನಡಕ್ಕೆ ಉಳಿದದ್ದೇನು? ಇಲ್ಲಿ ದೂರದ ಒಂದು ಹೋಲಿಕೆ ನೆನಪಾಗುತ್ತದೆ. ಫ್ರಾನ್ಸಿನ ಹೆಸರಾಂತ ನಿರ್ದೇಶಕ ಆನ್ರಿ ವೆರ್ನೆಯ್ ಹುಟ್ಟಿನಿಂದ ಆರ್ಮೇನಿಯದವರು. ಮೂಲ ಹೆಸರು ಅಶೋತ್ ಮಲಕಿಯನ್. 1920ರಲ್ಲಿ ತುರ್ಕಿಯಲ್ಲಿ ಹುಟ್ಟಿದ ಕೂಸು, ಮನೆಯವರೊಂದಿಗೆ ನಿರಾಶ್ರಿತನಾಗಿ ಮಾರ್ಸೇಲ್ಸ್ ಬಂದರಿಗೆ ಬಂದಿಳಿಯಿತು. ಜೀವನವಿಡೀ ಫ್ರೆಂಚ್ ಜನಪ್ರಿಯ ಚಿತ್ರಗಳನ್ನು ಮಾಡಿದವರು, 1991ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತಮ್ಮ ಮನೆಯವರ ಕಥೆಯನ್ನು ತೆರೆಗೆ ತಂದರು. ಹೆಸರು ‘ಮೈರಿಗ್’. ಆರ್ಮೇನಿಯನ್ ಭಾಷೆಯಲ್ಲಿ ಹಾಗೆಂದರೆ ಅಮ್ಮ.

ಪಡುಕೋಣೆಯವರು ಊರು ಬಿಟ್ಟದ್ದು ಹೊಟ್ಟೆಪಾಡಿಗೆ, ಆರ್ಮೇನಿಯನ್ನರಂತೆ ಕೊಲೆಗೆ ಹೆದರಿ ಅಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಅಲ್ಲಿ ಮಗ ತಾಯಿಯನ್ನು ನೆನೆದು ಚಿತ್ರ ಮಾಡಿದ. ಇಲ್ಲಿ ಮಗನೇ ಮೊದಲು ಹೋದ, ನೆನೆಯುವ ಕೆಲಸ ತಾಯಿಯ ಪಾಲಿಗೆ ಬಂತು. ವಾಸಂತಿ ಪಡುಕೋಣೆಯವರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಲೇಖಕಿ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಬಂಗಾಳಿ, ಮಗನ ಚಿತ್ರಗಳಲ್ಲಿ ಹಿಂದಿ. ಇಷ್ಟೆಲ್ಲ ಇದ್ದರೂ ಮಗನನ್ನು ಕುರಿತ ಪುಸ್ತಕವನ್ನು ಅವರು ಕನ್ನಡದಲ್ಲಿ ಬರೆದರು. ಅದರ ಹೆಸರು ‘ನನ್ನ ಮಗ ಗುರುದತ್ತ’.

ಗುರುದತ್ತ ನಮ್ಮವರೆಂದು ನಾವು ಜಗಳಕ್ಕೆ ನಿಲ್ಲಬೇಕಾಗಿಲ್ಲ. ಹೆತ್ತ ಕರುಳಿನ ಮಾತು ನಮ್ಮ ಭಾಷೆಯಲ್ಲಿದೆ. ಅದನ್ನು ಓದಿದರೆ ಸಾಕು.