ಗಾಜಿನ ಹಿಂದಣ ನೆರಳು

ಬಾಗಿಲಕೋಟೆಯ ಸಮೀಪದ ತುಳಸಿಗೇರಿಯು ಹನುಮಂತದೇವರ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಇಂತಹ ಕ್ಷೇತ್ರಗಳ ಜಾತ್ರೆಯಿಂದ ಕೊಂಡು ತಂದ ದೇವರ ಪಟಗಳು ನಮ್ಮಲ್ಲಿ ಅನೇಕರ ಮನೆಗಳಲ್ಲಿವೆ. ಅವುಗಳಲ್ಲಿ ಚಿತ್ರವಿರುವುದು ಕಾಗದದ ಮೇಲೆ. ಗಾಜು ಧೂಳನ್ನು ತಡೆಯುವ ಕಾವಲುಗಾರ ಮಾತ್ರ. ಅದು ಒಡೆದರೆ ಬೇರೊಂದನ್ನು ಹಾಕಿಸಿದರೆ ಸಾಕು. ಆದರೆ ಗಾಜೇ ಚಿತ್ರಕ್ಕೆ ಆಧಾರವಾಗಿ, ಅದರ ಹಿಂಬದಿಗೆ ಬಣ್ಣ ಹಚ್ಚಿ ಮುಂಬದಿಯಿಂದ ನೋಡತಕ್ಕ ಇನ್ನೊಂದು ಬಗೆಯುಂಟು. ಅಲ್ಲಿ ಗಾಜು ಹೋದರೆ ಚಿತ್ರವೂ ಹೋಯಿತು. ಈ ಭೇದವನ್ನರಿಯದೆ ಹಳೆಯ ಪಟಗಳನ್ನು ನಮ್ಮ ಕೈಯಾರೆ ಅಳಿಸಿಬಿಡುವ ಸಂಭವವಿರುವುದರಿಂದ ಈ ಕಲೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸಿದೆ.

ಈ ವಿದ್ಯೆಯು ಹದಿನೆಂಟನೆಯ ಶತಮಾನದಲ್ಲಿ ಚೀನಾ ದೇಶದ ವ್ಯಾಪಾರದೊಡನೆ ನಮ್ಮ ಪಶ್ಚಿಮ ತೀರಕ್ಕೆ ಬಂದಿತು. ಬಳಿಕ ಗುಜರಾತು, ಸಾತಾರಾ, ಮೈಸೂರು, ತಂಜಾವೂರುಗಳ ಚಿತ್ರಗಾರರು ಇದನ್ನು ಕೈಗೊಂಡು, ದೇವದೇವಿಯರನ್ನೂ ಅರಸರನ್ನೂ ನರ್ತಕಿಯರನ್ನೂ ಗಾಜಿನ ಮೇಲೆ ಬರೆದರು.

ಅದೇ ಕಾಲದಲ್ಲಿ ಯೂರೋಪಿನವರು ಇದೇ ಉಪಾಯದಿಂದ ನೆರಳಿನ ಭಾವಚಿತ್ರಗಳನ್ನು ರಚಿಸುತ್ತಿದ್ದರು. ದೀಪದ ಮುಂದೆ ಒಬ್ಬರನ್ನು ಪಕ್ಕಕ್ಕೆ ತಿರುಗಿಸಿ ಕೂರಿಸಿ, ಕಾಗದದ ಮೇಲೆ ಬಿದ್ದ ನೆರಳಿನ ಅಂಚನ್ನು ಗುರುತು ಮಾಡಿ, ಅದನ್ನು ಅಂಗೈಯಲ್ಲಿ ಹಿಡಿಯುವಷ್ಟು ಕಿರಿದುಗೊಳಿಸಿ ಬರೆಯುತ್ತಿದ್ದರು. ಇದಕ್ಕೆ ‘ಸಿಲ್ಹೌಟ್’ ಎಂಬ ಹೆಸರು, 1759ರಲ್ಲಿ ಫ್ರಾನ್ಸಿನ ಹಣಕಾಸಿನ ಮಂತ್ರಿಯಾಗಿದ್ದು ಮಿತವ್ಯಯಕ್ಕಾಗಿ ನಗೆಗೀಡಾದ ಎಟಿಯೆನ್ ದ ಸಿಲ್ಹೌಟನಿಂದ ಬಂದಿತು. ಆ ಶತಮಾನದ ಕೊನೆಯ ದಶಕಗಳಲ್ಲಿ ಲಂಡನ್ನಿನ ಇಸಬೆಲ್ಲಾ ಬೀತಮ್ ಎಂಬಾಕೆ ಗಾಜಿನ ಮೇಲೆ ಇಂತಹ ಚಿತ್ರಗಳನ್ನು ಬರೆದು ಹೆಸರುಗಳಿಸಿದಳು. ತೊಗಲುಗೊಂಬೆಯ ಆಟವನ್ನು ಕಂಡಿರುವ ನಮಗೆ ನೆರಳು ವ್ಯಕ್ತಿಯನ್ನು ತೋರಬಲ್ಲುದೆಂಬುದು ಹೊಸ ಮಾತಲ್ಲ.

ಇಲ್ಲಿ ಕೆಲಸದ ಕ್ರಮವೆಲ್ಲವೂ ತಲೆಕೆಳಗು. ಬಟ್ಟೆಯ ಮೇಲೆ ಬರೆಯುವವನು ಮೊದಲು ಹಿನ್ನೆಲೆಯನ್ನು ಹಚ್ಚಿ, ಕಣ್ಣಿನ ಮಿಂಚನ್ನೂ ಒಡವೆಯ ಹೊಳಪನ್ನೂ ಕಡೆಯಲ್ಲಿ ಇಡುತ್ತಾನೆ. ಗಾಜಿನ ಚಿತ್ರಗಾರನಾದರೋ ಮಿಂಚು, ಒಡವೆ, ರೇಖೆಗಳನ್ನು ಮೊದಲು ಬರೆದು, ಅನಂತರ ಮೈಬಣ್ಣವನ್ನೂ ಉಡುಗೆಯನ್ನೂ ತುಂಬಿ, ಕೊನೆಗೆ ಹಿನ್ನೆಲೆಯನ್ನು ಮುಚ್ಚಬೇಕು. ಎಡವು ಬಲವಾಗುವುದರಿಂದ ಅಕ್ಷರಗಳನ್ನೂ ತಿರುಗಿಸಿ ಬರೆಯಬೇಕು. ಮೊದಲನೆಯ ರೇಖೆ ತಪ್ಪಿದರೆ ಮೇಲೆ ಹಚ್ಚುವ ಯಾವ ಬಣ್ಣವೂ ಅದನ್ನು ಮರೆಮಾಡಲಾರದು. ನೋಡುವವನ ಕಣ್ಣಿಗೆ ಅತ್ಯಂತ ಸಮೀಪದಲ್ಲಿರುವುದು ಅದೇ. ನೆರಳಿನ ಚಿತ್ರದಲ್ಲಿ ಕೂದಲಿನ ಎಳೆಗಳನ್ನೂ ಉಡುಪಿನ ಜಾಲರಿಯನ್ನೂ ತೆಳುವಾಗಿ ಬರೆದು, ಮುಖವನ್ನು ದಟ್ಟ ಕಪ್ಪಿನಿಂದ ತುಂಬುತ್ತಿದ್ದರು. ಉಬ್ಬುಗಾಜಾದರೆ, ಹಿಂದಿನ ಬಿಳಿಯ ಹಾಳೆಯ ಮೇಲೆ ಆ ಚಿತ್ರದ ನೆರಳೇ ಮತ್ತೆ ಬಿದ್ದು, ಮುಖವು ತೇಲುವಂತೆ ಕಾಣುತ್ತಿತ್ತು.

1839ರಲ್ಲಿ ಡಗೇರನ ಛಾಯಾಚಿತ್ರ ವಿಧಾನವು ಪ್ರಕಟವಾದ ಮೇಲೆ ಈ ವೃತ್ತಿಯು ಕ್ಷೀಣಿಸಿತು. ಆದರೆ ಅದಕ್ಕೆ ಹಿಂದೆ ಬಾಳಿದ ಎಷ್ಟೋ ಮಂದಿ ಸಾಮಾನ್ಯರ ಮುಖದ ಗುರುತು ಉಳಿದಿರುವುದು ಇಂತಹ ಗಾಜುಗಳಲ್ಲಿ ಮಾತ್ರ.

ಗಾಜು ಬಣ್ಣವನ್ನು ಹೀರುವುದಿಲ್ಲ. ಬಣ್ಣವು ಅದಕ್ಕೆ ಅಂಟಿಕೊಂಡಿರುವುದಷ್ಟೆ. ತೇವವೂ ಬಿಸಿಲೂ ಆ ಅಂಟನ್ನು ಸಡಿಲಿಸಿ ಬಣ್ಣವನ್ನು ಹೆಪ್ಪಳಿಕೆಯಾಗಿ ಉದುರಿಸುತ್ತವೆ. ಆದುದರಿಂದ ಹಳೆಯ ಪಟವನ್ನು ಬಿಚ್ಚುವ ಮುನ್ನ ಓರೆಯಾಗಿ ಹಿಡಿದು ನೋಡಿರಿ. ಬಣ್ಣಕ್ಕೂ ಗಾಜಿಗೂ ನಡುವೆ ಎಡೆಯಿಲ್ಲದೆ ಹೊಳೆಯುತ್ತಿದ್ದರೆ ಅದು ಗಾಜಿನ ಚಿತ್ರವಿರಬಹುದು. ಅದರ ಹಿಂಬದಿಯನ್ನು ಎಂದಿಗೂ ಒರಸಬಾರದು, ನೀರನ್ನು ಸೋಕಿಸಬಾರದು, ದೀಪದ ಕಾವಿಗೂ ತೇವದ ಗೋಡೆಗೂ ದೂರವಿಡಬೇಕು. ಒಡೆದಿದ್ದರೆ ಚೂರುಗಳನ್ನು ಎಸೆಯದೆ, ಬಣ್ಣದ ಬದಿಯನ್ನು ಮೇಲಾಗಿಸಿ ಸಮತಟ್ಟಾಗಿ ಇರಿಸಿ, ಬಲ್ಲವರಿಗೆ ತೋರಿಸಬೇಕು. ಬರೆದವನಿಗೆ ತಿದ್ದುವ ಅವಕಾಶವಿರಲಿಲ್ಲ. ಒರಸಿ ಕಳೆದುಕೊಂಡ ಮೇಲೆ ನಮಗೂ ಇರುವುದಿಲ್ಲ.