ಇಲ್ಲದ ಊರಿನ ನಕಾಶೆ

ರಾತ್ರಿ ಹೊತ್ತು. ಅಂಗಡಿಯೊಂದರಿಂದ ಒಡವೆ ಗಂಟು ಎತ್ತಿಕೊಂಡು ಕಳ್ಳ ಓಡುತ್ತಿದ್ದಾನೆ. ಹಿಂದೆ ಕಾವಲುಗಾರರು. ಎಡಕ್ಕೆ ತಿರುಗಿದರೆ ಬಂದರು, ಬಲಕ್ಕೆ ತಿರುಗಿದರೆ ಚರ್ಮ ಹದ ಮಾಡುವವರ ಕೇರಿ. "ಯಾವ ಕಡೆ ಹೋಗ್ತೀಯ?" ಎಂದು ಮೇಜಿನ ಆಚೆ ಕೂತವನು ಕೇಳುತ್ತಾನೆ. ಕಳ್ಳನ ಪಾತ್ರ ವಹಿಸಿದ ಹುಡುಗ ಮೇಜಿನ ಮೇಲೆ ಹರಡಿದ ನಕಾಶೆಗೆ ಬಗ್ಗಿ ಒಂದು ಓಣಿಯ ಮೇಲೆ ಬೆರಳಿಡುತ್ತಾನೆ. ಆ ಓಣಿಯ ತುದಿಯಲ್ಲಿ ಗೋಡೆ ಇದೆಯೋ ಬೀದಿ ಇದೆಯೋ ಎಂಬುದನ್ನು ನಕಾಶೆ ಹೇಳುತ್ತದೆ. ಅವನು ಸಿಕ್ಕಿಬೀಳುತ್ತಾನೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಇದು 'ರೋಲ್ ಪ್ಲೇಯಿಂಗ್' ಎಂಬ ಬಗೆಯ ಆಟದ ಒಂದು ಗಳಿಗೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇಂಥ ಆಟಗಳಿಗೆಲ್ಲ ಮೂಲ. ನಾಲ್ಕೈದು ಮಂದಿ ಒಂದೊಂದು ಪಾತ್ರ ಹಿಡಿಯುತ್ತಾರೆ. ಇನ್ನೊಬ್ಬ ಸೂತ್ರಧಾರ. ಊರು, ಅಂಗಡಿಯವರು, ಕಾವಲುಗಾರರು, ರಾಕ್ಷಸರು, ಮಳೆ, ಬಿಸಿಲು ಎಲ್ಲವೂ ಅವನ ಬಾಯಿಂದಲೇ ಬರಬೇಕು. ಒಂದೇ ಕಥೆ ತಿಂಗಳುಗಟ್ಟಲೆ ಸಾಗುವುದುಂಟು. (ಇಲ್ಲಿನ ದಾಳಗಳಿಗೆ 4, 6, 8, 12, 20 ಮುಖಗಳು. ರೇಖಾಗಣಿತದ ಐದು ಸಮ ಘನಾಕೃತಿಗಳೂ ಮೇಜಿನ ಮೇಲೆ ಉರುಳುತ್ತವೆ ಎಂದರೆ ಮೇಷ್ಟರಿಗೆ ಸಂತೋಷವಾಗದೆ ಇದ್ದೀತೆ?)

ಮೊದಮೊದಲು ಈ ಕಥೆಗಳು ಹೆಚ್ಚಾಗಿ ನೆಲದಡಿಯ ಸುರಂಗಗಳಲ್ಲೇ ನಡೆಯುತ್ತಿದ್ದವು. ಅದರಲ್ಲೊಂದು ಅನುಕೂಲವಿದೆ. ಸುರಂಗದ ಕೋಣೆಗೆ ಇರುವುದು ಎರಡೋ ಮೂರೋ ಬಾಗಿಲು. ಅವುಗಳ ಹಿಂದೆ ಏನಿದೆ ಎಂದು ಸೂತ್ರಧಾರ ಬರೆದಿಟ್ಟುಕೊಂಡರೆ ಮುಗಿಯಿತು. ಊರು ಹಾಗಲ್ಲ. ಆಟಗಾರ ಯಾವ ಮನೆಯ ಕದವನ್ನಾದರೂ ತಟ್ಟಬಹುದು, ಯಾವ ಮಾಡನ್ನಾದರೂ ಹತ್ತಬಹುದು. "ಈ ಮನೆಯಲ್ಲಿ ಯಾರಿದ್ದಾರೆ?" ಎಂದು ಅವನು ಕೇಳಿದಾಗ ಸೂತ್ರಧಾರ ತಡವರಿಸಿದರೆ ಅಲ್ಲಿಗೆ ಊರು ಬರೀ ಕಾಗದವಾಯಿತು.

ಇದಕ್ಕೆ ಸಿಕ್ಕ ಮೊದಲ ಉತ್ತರ, ಎಲ್ಲವನ್ನೂ ಬರೆದುಬಿಡುವುದು. 1976ರಲ್ಲಿ ಬಾಬ್ ಬ್ಲೆಡ್ಸಾ ಮತ್ತು ಬಿಲ್ ಓವೆನ್ ಅವರ 'ಜಡ್ಜಸ್ ಗಿಲ್ಡ್' ಸಂಸ್ಥೆ 'ಸಿಟಿ ಸ್ಟೇಟ್ ಆಫ್ ದಿ ಇನ್ವಿನ್ಸಿಬಲ್ ಓವರ್‌ಲಾರ್ಡ್' ಎಂಬ ಊರನ್ನು ಪ್ರಕಟಿಸಿತು. ದೊಡ್ಡದೊಂದು ನಕಾಶೆ, ಜೊತೆಗೆ ಬೀದಿ ಬೀದಿಯ ಅಂಗಡಿಗಳ ಪಟ್ಟಿ. ಈ ದಾರಿಯ ಕೊನೆಯಲ್ಲಿ 2006ರಲ್ಲಿ ಬಂದ ಮಾಂಟಿ ಕುಕ್ ಅವರ 'ಟಾಲಸ್' ಇದೆ. ಒಂದೇ ಊರಿಗೆ 600ಕ್ಕೂ ಹೆಚ್ಚು ಪುಟಗಳ ಗ್ರಂಥ!

ವಿವರ ಹೆಚ್ಚಿದಷ್ಟೂ ಊರು ನಿಜವಾಗುತ್ತದೆಯೇ? ಯಾವ ವಿವರ ಎಂಬುದರ ಮೇಲೆ ಹೋಗುತ್ತದೆ. ಕೆನಡಾದ ಎಡ್ ಗ್ರೀನ್‌ವುಡ್ ಹುಡುಗನಾಗಿದ್ದಾಗಿನಿಂದಲೂ ಒಂದು ಕಲ್ಪನಾಲೋಕ ಕಟ್ಟುತ್ತ ಬಂದವರು. 'ಫರ್ಗಾಟನ್ ರೆಲ್ಮ್ಸ್' ಎಂಬ ಆ ಲೋಕ 1987ರಲ್ಲಿ ಆಟಕ್ಕೆ ಬಂತು. ಅದರ ಬಂದರು ಪಟ್ಟಣ ವಾಟರ್‌ಡೀಪ್. ಮರುವರ್ಷ ಆ ಪಟ್ಟಣದ ನಕಾಶೆಗಳೇ ಒಂದು ಪೆಟ್ಟಿಗೆಯಾಗಿ ಬಂದವು. ನನಗೆ ಅಲ್ಲಿ ಹಿಡಿಸಿದ್ದು ಅರಮನೆಯಲ್ಲ, ಬೀದಿಯ ಸಗಣಿ ಗುಡಿಸುವವರಿಗೂ ಅಲ್ಲೊಂದು ಸಂಘ ಇರುವುದು. ಊರ ದಕ್ಷಿಣಕ್ಕೆ 'ರ‍್ಯಾಟ್ ಹಿಲ್ಸ್', ಅಂದರೆ ಇಲಿಗುಡ್ಡ ಎಂಬ ಕಸದ ತಿಪ್ಪೆಯೂ ಉಂಟು. ಇಷ್ಟು ಕುದುರೆಗಳಿರುವ ಊರಿನಲ್ಲಿ ಲದ್ದಿ ಎತ್ತುವವರು ಯಾರು ಎಂದು ಯೋಚಿಸಿದವನು ಊರನ್ನು ಬಲ್ಲವನು. ನಾಳೆ ಆ ಸಂಘ ಕೆಲಸ ನಿಲ್ಲಿಸಿದರೆ? ಕಥೆ ತಾನಾಗಿ ಹುಟ್ಟಿತು.

ಬರೀ ಹೆಸರುಗಳ ರಾಶಿ ಮಾತ್ರ ಸೂತ್ರಧಾರನ ಕೈ ಕಟ್ಟಿಹಾಕುತ್ತದೆ. ಪುಟ ತಿರುವಿ ಉತ್ತರ ಹುಡುಕುವಷ್ಟರಲ್ಲಿ ಆಟಗಾರರು ಆಕಳಿಸುತ್ತಾರೆ. 1985ರ 'ಲ್ಯಾಂಕ್‌ಮಾರ್' ಇದಕ್ಕೊಂದು ಸೊಗಸಾದ ಉಪಾಯ ಕಂಡುಕೊಂಡಿತು. ಫ್ರಿಟ್ಜ್ ಲೀಬರ್ ಅವರ ಕಥೆಗಳಲ್ಲಿ ಬರುವ ಊರು ಅದು. ನಕಾಶೆಯಲ್ಲಿ ದೊಡ್ಡ ಬೀದಿಗಳಿವೆ, ನಡುನಡುವೆ ಬೇಕೆಂದೇ ಬಿಟ್ಟ ಖಾಲಿ ಜಾಗಗಳಿವೆ. ಅಲ್ಲಿಗೆ ಹೊಂದುವ ಓಣಿಗಳ ತುಣುಕು ನಕಾಶೆಗಳನ್ನು ಸೂತ್ರಧಾರ ತನಗೆ ಬೇಕಾದಂತೆ ಕೂಡಿಸಿಕೊಳ್ಳಬಹುದು. ಜಾನ್ ಹಾರ್ಪರ್ ಅವರ 'ಬ್ಲೇಡ್ಸ್ ಇನ್ ದಿ ಡಾರ್ಕ್' (2017) ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಸೂರ್ಯನೇ ಒಡೆದುಹೋಗಿದ್ದಾನೆ. ಊರಿನ ಸುತ್ತ ಪ್ರೇತಗಳನ್ನು ತಡೆಯುವ ಮಿಂಚಿನ ಬೇಲಿ. ಆ ಬೇಲಿಗೆ ಶಕ್ತಿ ಎಲ್ಲಿಂದ? ಹಡಗಿನವರು ಬೇಟೆಯಾಡಿ ತರುವ ಕಡಲ ದೈತ್ಯಪ್ರಾಣಿಗಳ ರಕ್ತದಿಂದ. ಕಲ್ಪನೆಯೇ ಆಗಲಿ, ಕಾರ್ಯಕಾರಣದ ಲೆಕ್ಕ ಮಾತ್ರ ಬಿಟ್ಟಿಲ್ಲ. ಒಂದೊಂದು ಬಡಾವಣೆಗೂ ಚಿಕ್ಕ ವಿವರಣೆ ಮಾತ್ರ. ಉಳಿದದ್ದನ್ನು ಆಡುವವರೇ ತುಂಬಿಕೊಳ್ಳಬೇಕು.

ಓದುವ ಹುಡುಗರಿಗೆ ಇದೆಲ್ಲ ಏಕೆ ಎಂದು ತಂದೆತಾಯಿಗಳು ಕೇಳಿಯಾರು. 1980ರ ದಶಕದಲ್ಲಿ ಅಮೆರಿಕದ ಕೆಲವು ಪೋಷಕರಂತೂ ಈ ಆಟ ಮಕ್ಕಳನ್ನು ಮಾಟಮಂತ್ರಕ್ಕೆ ಎಳೆಯುತ್ತದೆಂದೇ ಹೆದರಿದ್ದರು. ಆ ಭಯ ನನಗಿಲ್ಲ. ಸಮಯ ತಿನ್ನುತ್ತದೆ ಎಂಬ ದೂರು ಮಾತ್ರ ನಿಜ; ಪರೀಕ್ಷೆಯ ತಿಂಗಳಲ್ಲಿ ದಾಳ ಪೆಟ್ಟಿಗೆಯಲ್ಲಿರಲಿ. ರಜೆಯಲ್ಲಿ ಒಂದು ಗ್ರಾಫ್ ಹಾಳೆ ಕೊಟ್ಟು ನೋಡಿ.

ಮಕ್ಕಳೇ, ಮೊದಲು ನದಿ ಬರೆಯಿರಿ, ಅರಮನೆ ಆಮೇಲೆ. ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಬಾಣದ ಗುರುತು ಹಾಕಿ. ಚರ್ಮ ಹದ ಮಾಡುವವರ ಕೇರಿಯನ್ನು ಹೊಳೆಯ ಮೇಲ್ಭಾಗದಲ್ಲಿಟ್ಟರೆ ಕೆಳಗಿನವರೆಲ್ಲ ಆ ಕೊಳೆಯನ್ನೇ ಕುಡಿಯಬೇಕು. ಬೇಕೆಂದೇ ಹಾಗಿಟ್ಟರೆ ಅದೂ ಒಂದು ಕಥೆ. ಇನ್ನು ಅಳತೆ. 1 ಸೆಂ.ಮೀ.ಗೆ 50 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 5 ಕಿ.ಮೀ. ನಡೆಯುವವನಿಗೆ ಒಂದು ಸೆಂ.ಮೀ. ದಾಟಲು 36 ಸೆಕೆಂಡು ಬೇಕು. ಕೋಟೆ ಬಾಗಿಲಿನಿಂದ ಬಂದರಿಗೆ 20 ಸೆಂ.ಮೀ. ಇದ್ದರೆ 12 ನಿಮಿಷ, ಎರಡರಷ್ಟು ವೇಗದಲ್ಲಿ ಓಡಿದರೆ 6 ನಿಮಿಷ. ದೋಣಿ 5 ನಿಮಿಷಕ್ಕೆ ಹೊರಡುವುದಾದರೆ ನಮ್ಮ ಕಳ್ಳ ಬೇರೆ ದಾರಿ ಹುಡುಕಲೇಬೇಕು. ಹತ್ತು ಮನೆಗಳಿಗೆ ಮಾತ್ರ ಹೆಸರು ಕೊಡಿ, ಉಳಿದವು ಖಾಲಿ ಇರಲಿ.

ಅಂದ ಹಾಗೆ, ಪೆನ್ಸಿಲಿನಲ್ಲೇ ಬರೆಯಿರಿ. ನಿಮ್ಮ ಗೆಳೆಯರು ಮುಂದಿನ ಭಾನುವಾರ ಒಂದು ಬೀದಿಗೆ ಬೆಂಕಿ ಹಚ್ಚಿದರೆ ಅಷ್ಟನ್ನೂ ಅಳಿಸಬೇಕಾಗುತ್ತದೆ.