ಕಡಲ ತಳದಲ್ಲೊಂದು ಪ್ಲಗ್ಗು

ಒದ್ದೆಗೈಯಿಂದ ಸ್ವಿಚ್ಚು ಮುಟ್ಟಿದ ಮಗುವನ್ನು ಗದರಿಸದ ತಾಯಿಯಿಲ್ಲ. ನೀರಿಗೂ ವಿದ್ಯುತ್ತಿಗೂ ಇರುವ ವೈರ ಅಂಥದು. ಹೀಗಿರುವಾಗ ಸಮುದ್ರದ ತಳದಲ್ಲಿ, ಉಪ್ಪುನೀರಿನ ನಡುವೆಯೇ ಪ್ಲಗ್ಗು ಚುಚ್ಚಿ ವಿದ್ಯುತ್ತು ಹರಿಸುವುದೆಂದರೆ ಸಾಮಾನ್ಯವೆ?

ಅಮೆರಿಕದ ಕ್ಯಾಲಿಫೋರ್ನಿಯ ತೀರದ ಮಾಂಟೆರೆ ಕೊಲ್ಲಿಯಲ್ಲಿ ಈ ಸಾಹಸ ನಡೆಯಿತು. ಅಲ್ಲಿನ ಸಾಗರ ಸಂಶೋಧನಾಲಯದವರು 2007ರಲ್ಲಿ ದಡದಿಂದ 52 ಕಿಲೋಮೀಟರ್ ಉದ್ದದ ಕೇಬಲನ್ನು ಹಾಸಿದರು. ಅದರ ತುದಿ ಇರುವುದು 891 ಮೀಟರ್ ಆಳದಲ್ಲಿ. ‘ಮಾರ್ಸ್’ ಎಂದು ಇದರ ಹೆಸರು. ಮಂಗಳ ಗ್ರಹಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬ್ಯಾಟರಿ ಕಟ್ಟಿ ಕಡಲಿಗಿಳಿಸಿದ ಉಪಕರಣ ಕಂಡದ್ದೇನೆಂಬುದು, ಎಷ್ಟೋ ಸಲ, ತಿಂಗಳುಗಳ ಬಳಿಕ ಅದನ್ನು ಮೇಲೆತ್ತಿದಾಗಲೇ ತಿಳಿಯುತ್ತದೆ. ಕೇಬಲ್ ಇದ್ದರೆ ವಿದ್ಯುತ್ತು ಕೆಳಗಿಳಿಯುತ್ತದೆ, ಸುದ್ದಿ ಆ ಕ್ಷಣವೇ ಮೇಲೇರುತ್ತದೆ.

ಆದರೆ ಆ ಆಳದಲ್ಲಿ ನೀರಿನ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಸುಮಾರು 90 ಪಟ್ಟು. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಒಳನುಗ್ಗಲು. ಆದುದರಿಂದ ಉಪಕರಣವನ್ನು ದಡದಲ್ಲೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಕೃತಕ ಒತ್ತಡಕ್ಕೆ ಒಡ್ಡಿ ಪರೀಕ್ಷಿಸಬೇಕು. ಅದು ಒಂಟಿಯಾಗಿ ಗೆದ್ದರೂ ಸಾಲದು. ಒಂದೇ ಕೇಬಲನ್ನು ಹಂಚಿಕೊಳ್ಳುವ ನೆರೆಯವರೊಡನೆ ಅದು ಹೊಂದಿ ಬಾಳಬೇಕು: ಒಂದರ ಸದ್ದು ಇನ್ನೊಂದರ ಕಿವಿಯನ್ನು ಕೆಡಿಸಬಾರದು, ಒಂದರ ಸೋರಿಕೆ ಎಲ್ಲವನ್ನೂ ಕತ್ತಲಿಗೆ ನೂಕಬಾರದು.

ವಿಚಿತ್ರವೆಂದರೆ, ಇತರ ಉಪಕರಣಗಳನ್ನು ಪರೀಕ್ಷಿಸಲೆಂದೇ ಹುಟ್ಟಿದ ಮಾರ್ಸ್ ತಾನೇ ಮೊದಲ ಪರೀಕ್ಷೆಯಲ್ಲಿ ಎಡವಿತು. 2008ರ ಫೆಬ್ರವರಿಯಲ್ಲಿ ಅದರ ಮುಖ್ಯ ಪೆಟ್ಟಿಗೆಯನ್ನು ತಳಕ್ಕಿಳಿಸಿ ವಿದ್ಯುತ್ತು ಹರಿಸಿದರು. ಸಂಭ್ರಮ ಬಹಳ ಹೊತ್ತು ಉಳಿಯಲಿಲ್ಲ. ತಂತಿ ಕೂಡುವ ಒಂದೆಡೆಯಲ್ಲಿ ನೀರು ಒಸರಿತ್ತು! ವಿದ್ಯುತ್ತನ್ನು ನಿಲ್ಲಿಸಿ, ಪೆಟ್ಟಿಗೆಯನ್ನು ಮೇಲೆತ್ತಿ ರಿಪೇರಿ ಮಾಡಬೇಕಾಯಿತು. ಮತ್ತೆ ಅದನ್ನು ಕೆಳಗಿಳಿಸಿ, ಯಂತ್ರಮಾನವನ ಕೈಯಿಂದ ಪ್ಲಗ್ಗು ಸಿಕ್ಕಿಸಿ, ವಿದ್ಯುತ್ತು ಕೊಟ್ಟದ್ದು ನವೆಂಬರ್ 10ರಂದು. ಒಂದು ಸೋರಿಕೆ ನುಂಗಿದ್ದು ಎಂಟು ತಿಂಗಳಿಗೂ ಮಿಕ್ಕ ಕಾಲವನ್ನು. ಈ ಎಡವು ದಡದ ಸಮೀಪದಲ್ಲಿ ಆದದ್ದೇ ಒಳ್ಳೆಯದಾಯಿತೆನ್ನಬೇಕು. 2009ರಲ್ಲಿ ಕೆನಡದವರು ಪೆಸಿಫಿಕ್ ತಳದಲ್ಲಿ ಆರಂಭಿಸಿದ ‘ನೆಪ್ಚೂನ್’ ವೀಕ್ಷಣಾಲಯದ ಕೇಬಲ್ 800 ಕಿಲೋಮೀಟರಿನದು. ಅಲ್ಲಿ ಕೆಟ್ಟುದನ್ನು ಎತ್ತಲು ಹಡಗು ಎಷ್ಟು ದೂರ ಹೋಗಬೇಕು!

ಮಾರ್ಸ್ ಇನ್ನೊಂದು ಅಚ್ಚರಿಯನ್ನೂ ಕಾದಿರಿಸಿತ್ತು. 2018ರ ಮಾರ್ಚಿಯಲ್ಲಿ ದುರಸ್ತಿಗಾಗಿ ಉಪಕರಣಗಳಿಗೆ ಬಿಡುವು ದೊರೆತಾಗ, ವಿಜ್ಞಾನಿಗಳು ಕೇಬಲಿನ ಒಳಗಿನ ಗಾಜಿನೆಳೆಯಲ್ಲಿ ನಾಲ್ಕು ದಿನ ಲೇಸರ್ ಬೆಳಕನ್ನು ಹಾಯಿಸಿ ನೋಡಿದರು. ಗಿಲ್ರಾಯ್ ಊರಿನ ಬಳಿ ಸಂಭವಿಸಿದ 3.4 ಪ್ರಮಾಣದ ಭೂಕಂಪವು ಕೇಬಲಿನ 20 ಕಿಲೋಮೀಟರ್ ಉದ್ದಕ್ಕೂ ದಾಖಲಾಯಿತು. ಅದುವರೆಗೆ ನಕ್ಷೆಯಲ್ಲಿಲ್ಲದ ಬಿರುಕುಗಳೂ ಕಡಲ ತಳದಲ್ಲಿ ಗೋಚರಿಸಿದವು.